ಚಿನ್ನಿ ಎಂಬ ಗರಗಸ ನೊಣ

ಹುಳಗಳ ಸಂಗ್ರಹಾಲಯದಲ್ಲಿ ಸತ್ತ ಹುಳಕ್ಕೆ ಸೂಜಿ ಚುಚ್ಚಿ, ರೆಕ್ಕೆ ಬಿಡಿಸಿ, ಕೆಳಗೆ ಚೀಟಿ ಸಿಕ್ಕಿಸಿ ಇಡುತ್ತಿದ್ದವನಿಗೆ ನಾವು ಇಟ್ಟ ಹೆಸರು ಸೂಜಿಯಪ್ಪ. ಕೂಗಿದರೆ ಅವನೂ ಸಂತೋಷದಿಂದಲೇ ಓಗೊಡುತ್ತಿದ್ದ. ನಾನು ಅಲ್ಲಿನ ಬಡಗಿ. ಹುಳ ಇಡುವ ಗಾಜಿನ ಮುಚ್ಚಳದ ಪೆಟ್ಟಿಗೆಗಳೆಲ್ಲ ನನ್ನ ಕೈಯವು. ಅವುಗಳೊಳಗೆ ಒಂದೇ ಒಂದು ಇರುವೆ ನುಸುಳಿದ್ದನ್ನು ಯಾರಾದರೂ ಕಂಡಿದ್ದರೆ ಬಂದು ಹೇಳಲಿ, ಉಳಿ ಕೆಳಗಿಡುತ್ತೇನೆ.

ನಮ್ಮಿಬ್ಬರ ಕೋಣೆಗಳ ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ನಾನು ಗರಗಸ ಎಳೆದರೆ ಅವನ ಮೇಜು ನಡುಗುತ್ತಿತ್ತು.

"ಅಣ್ಣಾ, ಸ್ವಲ್ಪ ನಿಲ್ಲಿಸೋ, ಮೀಸೆ ಮುರೀತು!" ಎಂದು ಆ ಕಡೆಯಿಂದ ಕೂಗುತ್ತಿದ್ದ. ಹುಳದ ಮೀಸೆ.

"ನಿಂದಲ್ಲ ತಾನೆ?" ಎಂದು ನಾನು ಎಳೆಯುತ್ತಲೇ ಇರುತ್ತಿದ್ದೆ.

ಅವನಿಗೆ ಒಬ್ಬಳೇ ಮಗಳು, ಚಿನ್ನಿ. ಶಾಲೆ ಬಿಟ್ಟ ಮೇಲೆ ಅಪ್ಪನ ಕೆಲಸ ಮುಗಿಯುವ ತನಕ ನಮ್ಮ ಹಿತ್ತಲಿನ ಗುಲಾಬಿ ಗಿಡಗಳ ನಡುವೆ ಸುತ್ತುತ್ತಿದ್ದಳು. ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು. ಒಂದು ಸಂಜೆ ಎರಡೂ ಅಂಗೈ ಬಟ್ಟಲು ಮಾಡಿ ಏನನ್ನೋ ಮುಚ್ಚಿಕೊಂಡು ಓಡಿ ಬಂದಳು.

"ಬಡಗಿ ಮಾವ, ಇದರ ಹೊಟ್ಟೇಲೂ ಗರಗಸ ಇದೆ! ನಿನ್ನ ಥರ ಕಿರ್ರೋ ಅನ್ನಲ್ಲ, ಸದ್ದೇ ಇಲ್ಲದೆ ಕೊಯ್ಯುತ್ತೆ."

ಕಪ್ಪು ತಲೆ, ಅರಿಶಿನ ಬಣ್ಣದ ಹೊಟ್ಟೆಯ ನೊಣ. ನೊಣ ಎನ್ನುವುದು ಬಾಯಿಮಾತಿಗೆ, ಅದು ಕಣಜದ ನೆಂಟ. ಗರಗಸ ಹೆಣ್ಣಿಗೆ ಮಾತ್ರ, ಬಾಲದ ಬುಡದಲ್ಲಿ ಮಡಿಸಿಟ್ಟಿರುತ್ತದೆ. ಗುಲಾಬಿಯ ಎಳೆ ಕಾಂಡವನ್ನು ಅದರಿಂದ ಸೀಳಿ, ಸೀಳಿನೊಳಗೆ ಮೊಟ್ಟೆ ಇಡುತ್ತದೆ. ಜಾತಿಯಿಂದ ಜಾತಿಗೆ ಹಲ್ಲಿನ ಕಟ್ಟು ಬೇರೆ. ನಮ್ಮಲ್ಲಿ ಗರಗಸ ನೊಣಗಳನ್ನು ವಿಂಗಡಿಸಿ ಹೆಸರಿಡುತ್ತಿದ್ದ ಮೇಡಂ ಆ ಗರಗಸವನ್ನು ಬಿಡಿಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಹಲ್ಲು ನೋಡಿಯೇ ಜಾತಿ ಹೇಳುತ್ತಿದ್ದರು. ಒಮ್ಮೆ ನನಗೂ ತೋರಿಸಿದರು. ಅಂಥ ಹಲ್ಲು ಕೊರೆಯುವ ಕೈ ನನ್ನದಲ್ಲ. ಬೇರೆ ಯಾವ ಬಡಗಿಯ ಮುಂದೆಯೂ ನಾನು ಈ ಮಾತು ಆಡಿದವನಲ್ಲ.

ಆ ಚಳಿಗಾಲದಲ್ಲಿ ಜ್ವರ ಬಂದು ಚಿನ್ನಿ ತೀರಿಕೊಂಡಳು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನ ಕೈ ಏಳುವುದಿಲ್ಲ. ಸೂಜಿಯಪ್ಪ ಮತ್ತೆ ಕೆಲಸಕ್ಕೆ ಬಂದಾಗ ನಾನು ಗರಗಸ ಎಳೆದರೂ ಆ ಕಡೆಯಿಂದ ಕೂಗು ಬರಲಿಲ್ಲ.

ಬೇಸಿಗೆ ಹೊತ್ತಿಗೆ ಮೇಡಂ ಅವನನ್ನು ಕರೆದರು. ಚಿನ್ನಿ ಹಿಡಿದು ತಂದ ನೊಣದ ಗರಗಸ ಗೊತ್ತಿರುವ ಯಾವ ಗರಗಸಕ್ಕೂ ಹೊಂದುವುದಿಲ್ಲ, ಅದು ಹೊಸ ಜಾತಿ ಎಂದರು.

"ಅವಳ ಹೆಸರೇ ಇಡ್ತೀನಿ. ಶಾಲೇಲಿ ಬರೆಸಿದ್ದ ಹೆಸರು ಹೇಳಿ."

"ಮನೇಲಿ ಕರೆಯೋದೇ ಇರಲಿ ಮೇಡಂ. ಚಿನ್ನಿ ಅಂದ್ರೇನೇ ಅವಳು ತಿರುಗಿ ನೋಡ್ತಿದ್ದಿದ್ದು."

ಹಾಗೆಯೇ ಆಯಿತು. ಕುಲದ ಹೆಸರು ಮುಂದೆ, ಅದರ ಹಿಂದೆ ಲ್ಯಾಟಿನ್ ಬಾಲ ಅಂಟಿಸಿಕೊಂಡ ಚಿನ್ನಿ. ಹೊಸ ಜಾತಿಗೆ ಯಾವ ನೊಣವನ್ನು ನೋಡಿ ಹೆಸರಿಡುತ್ತಾರೋ ಆ ನೊಣಕ್ಕೆ ಆ ಹೆಸರು ಬರೆದ ಕೆಂಪು ಚೀಟಿ. ಅವಳ ಅಂಗೈಯಲ್ಲಿ ಬಂದ ನೊಣದ ಕೆಳಗೆ ಆ ಚೀಟಿಯನ್ನು ಸಿಕ್ಕಿಸಿದವನು ಅವಳಪ್ಪನೇ. ಅವನ ಹೆಂಡತಿ ಆಗಾಗ ಬಂದು ಪೆಟ್ಟಿಗೆ ತೆಗೆಸಿ, "ಏನೇ ಚಿನ್ನಿ, ಹೇಗಿದ್ದೀಯೇ?" ಎಂದು ಗಾಜಿಗೇ ಕೇಳಿ ಹೋಗುತ್ತಿದ್ದಳು. ನಗುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ವರ್ಷಗಳು ಹೋದವು. ಆ ಜಾತಿಯಲ್ಲಿ ಸಿಕ್ಕಿದ್ದೆಲ್ಲ ಹಳದಿ ಹೊಟ್ಟೆಯ ಹೆಣ್ಣುಗಳೇ. ಗಂಡು ಹೇಗಿರುತ್ತದೆಂದು ಯಾರೂ ಕಂಡಿರಲಿಲ್ಲ.

"ನಿಮ್ಮ ಚಿನ್ನಿಗೊಂದು ಗಂಡು ಹುಡುಕಿ ಸೂಜಿಯಪ್ಪ" ಎಂದು ಮೇಡಂ ತಮಾಷೆ ಮಾಡಿದರು. ಅವನು ಅದನ್ನು ಮನಸ್ಸಿಗೆ ತೆಗೆದುಕೊಂಡ. ಕಾಂಡ ಕೊಯ್ಯುತ್ತಿದ್ದ ಒಂದು ಹೆಣ್ಣನ್ನು ಕಾದು ನೋಡಿ, ಅದು ಮೊಟ್ಟೆ ಇಟ್ಟು ಎದ್ದ ಕೂಡಲೇ ಆ ಕೊಂಬೆಗೆ ತೆಳು ಬಟ್ಟೆಯ ಚೀಲ ಕಟ್ಟಿದ, ಬೇರೆ ಹುಳ ಬೆರೆಯದಿರಲಿ ಎಂದು. ಮರಿಹುಳಗಳಿಗೆ ಎಲೆ ತಿನ್ನಿಸಿ ಬೆಳೆಸಿದ, ಅವು ಗೂಡು ಕಟ್ಟುವ ಹೊತ್ತಿಗೆ ಮಣ್ಣು ಹಾಕಿದ ಗಾಜಿನ ಜಾಡಿಗೆ ಇಳಿಸಿದ. ಬಾಣಂತಿಯನ್ನು ನೋಡಿಕೊಂಡಂತೆ ಜಾಡಿ ನೋಡಿಕೊಂಡ.

"ಏನಪ್ಪಾ, ಅಳಿಯ ಯಾವಾಗ ಬರ್ತಾನೆ?" ಎಂದು ನಾನು ಗೋಡೆಯಾಚೆಯಿಂದ ಕೆಣಕುತ್ತಿದ್ದೆ. ಅವನು ಮತ್ತೆ ನಗುವುದನ್ನು ಕೇಳಿದ್ದು ಆಗಲೇ.

ಅಳಿಯ ಬಂದ. ಜಾಡಿಯಲ್ಲಿ ಹಳದಿ ಹೊಟ್ಟೆಯ ಹೆಣ್ಣುಗಳ ಜೊತೆ ಪೂರಾ ಕಪ್ಪಗಿನ, ಸಣ್ಣ ಗಂಡುಗಳು. ಎಲ್ಲ ಒಂದೇ ತಾಯಿಯ ಮಕ್ಕಳು. ನನ್ನನ್ನೂ ಎಳೆದುಕೊಂಡು ಮೇಡಂ ಹತ್ತಿರ ಓಡಿದ.

ಮೇಡಂ ಒಂದು ಗಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎದ್ದು ಹೋಗಿ, ಹಳೆಯ ಕಪಾಟಿನಿಂದ ಒಂದು ಪೆಟ್ಟಿಗೆ ತಂದು ಪಕ್ಕದಲ್ಲಿಟ್ಟು ಮತ್ತೆ ನೋಡಿದರು. ಅವರ ಮುಖ ಇಳಿದುಹೋಯಿತು.

"ಇದಕ್ಕೆ ನಮ್ಮ ಅಜ್ಜಂದಿರ ಕಾಲದಲ್ಲೇ ಹೆಸರಿಟ್ಟಿದ್ದಾರೆ ಸೂಜಿಯಪ್ಪ. ಯಾರೋ ಹಡಗಿನ ಕಪ್ತಾನ ಹಿಡಿದು ಕೊಟ್ಟಿದ್ದ ಒಂದೇ ಒಂದು ಗಂಡು, ಅವನ ಹೆಸರೇ ಇಟ್ಟಿದ್ದಾರೆ. ಗಂಡಿಗೆ ಗರಗಸ ಇಲ್ಲ, ನಾನು ಯಾವುದಕ್ಕೆ ಹೋಲಿಸಿ ನೋಡಲಿ? ಚಿನ್ನಿ ತಂದಿದ್ದು ಬೇರೆ ಜಾತಿ ಅಂದ್ಕೊಂಡೆ."

"ಈಗೇನಾಗುತ್ತೆ?"

"ಎರಡೂ ಒಂದೇ ಜಾತಿ ಅಂದ್ಮೇಲೆ ಮೊದಲು ಇಟ್ಟ ಹೆಸರೇ ನಿಲ್ಲೋದು. ಇನ್ನೊಂದು ಹೋಗುತ್ತೆ."

ಸೂಜಿಯಪ್ಪ ಜಾಡಿ ಹಿಡಿದೇ ನಿಂತಿದ್ದ. "ಹಂಗಾದ್ರೆ ಇನ್ನೊಂದು ನೊಣಕ್ಕೆ ಇಡಿ ಮೇಡಂ. ಚಿಕ್ಕದಾದ್ರೂ ಪರವಾಗಿಲ್ಲ."

"ಈ ಕುಲದಲ್ಲಿ ಒಂದ್ಸಲ ಇಟ್ಟ ಹೆಸರನ್ನ ಮತ್ತೊಂದಕ್ಕೆ ಇಡೋ ಹಾಗಿಲ್ಲ. ಬೇರೆ ಕುಲದಲ್ಲಿ ಯಾವುದಾದರೂ ಸಿಕ್ಕರೆ..."

"ಅದು ಅವಳು ತಂದಿದ್ದಲ್ಲವಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿದರು. ಆಮೇಲೆ ತಲೆ ಎತ್ತದೆ, "ಜಾಡಿ ವಾಪಸ್ ತಗೊಂಡು ಹೋಗಿ. ನಾನು ಇನ್ನೂ ನೋಡಿಲ್ಲ ಅಂತಿರಲಿ" ಎಂದರು.

ಸೂಜಿಯಪ್ಪ ಜಾಡಿ ಹಿಡಿದು ತನ್ನ ಮೇಜಿನ ಮುಂದೆ ಬಂದು ಕುಳಿತ. ಒಳಗೆ ಆ ಕಪ್ಪು ಹುಳಗಳು ಗಾಜು ಹತ್ತುತ್ತಿದ್ದವು, ಜಾರುತ್ತಿದ್ದವು. ನನಗೆ ತಡೆಯಲಾಗಲಿಲ್ಲ.

"ಕಿಟಕಿ ತೆಗೆದು ಬಿಟ್ಟುಬಿಡೋ ಮಾರಾಯ! ಯಾರಿಗೆ ಗೊತ್ತಾಗುತ್ತೆ? ಅವರೇ ಹೇಳಿದ್ದಾರಲ್ಲ."

"ನಾಳೆ ಇನ್ಯಾವನೋ ಸಾಕಿ ನೋಡ್ತಾನೆ ಅಣ್ಣ. ಅವನಿಗೆ ಚಿನ್ನಿ ಅಂದ್ರೆ ಏನು ಗೊತ್ತು? ಒಂದೇ ಗೀಟು ಎಳೆದು ಹೊಡೆದು ಹಾಕ್ತಾನೆ." ಅವನು ಸೂಜಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡ. "ಅವತ್ತು ಅವಳನ್ನ ಎತ್ಕೊಂಡು ಹೋಗೋವಾಗಲೂ ಬೇರೆಯವರು ಮುಟ್ಟಬೇಡಿ ಅಂದೆ. ಇದೂ ನನ್ನ ಕೈಯಲ್ಲೇ ಆಗಲಿ."

ಗಂಡುಗಳನ್ನು ಒಂದೊಂದಾಗಿ ತೆಗೆದು, ಕೊಂದು, ಸೂಜಿ ಚುಚ್ಚಿ, ಮೇಡಂ ಮೇಜಿಗೆ ಒಯ್ದಿಟ್ಟ. ಆ ದಿನ ನಾನು ಗರಗಸ ಮುಟ್ಟಲಿಲ್ಲ.

ಮೇಡಂ ಎರಡೂ ಒಂದೇ ಎಂದು ಬರೆದು ಪ್ರಕಟಿಸಿದರು. ಅದಾದ ಮೇಲೆ ಚಿನ್ನಿಯ ಹೆಸರಿನ ಅಡ್ಡಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು, ನೊಣಗಳನ್ನು ಕಪ್ತಾನನ ಹೆಸರಿನ ಕೆಳಗೆ ಸಾಲಾಗಿ ಸೇರಿಸಿದವನೂ ಸೂಜಿಯಪ್ಪನೇ. ಕೆಂಪು ಚೀಟಿಯನ್ನು ಮಾತ್ರ ಯಾರೂ ಕೀಳುವಂತಿಲ್ಲ, ಅದು ಆ ಕೆಲಸದ ನಿಯಮ. ಆದರೆ ಅದು ಹುಳದ ಹೊಟ್ಟೆಯ ಕೆಳಗೆ ಇರುವುದು. ಮೇಲಿನಿಂದ ನೋಡಿದವರಿಗೆ ಓದಲು ಬರುವುದಿಲ್ಲ.

ಹೆಂಡತಿಗೆ ಅವನು ಮನೆಯಲ್ಲಿ ಹೇಳಲಾರದೆ ಇಲ್ಲಿಗೇ ಕರೆತಂದ. ಪೆಟ್ಟಿಗೆ ತೆಗೆಯಲು ಅವನ ಕೈಲಿ ಆಗದೆ ನಾನೇ ತೆಗೆದೆ. ಆಕೆ ಬಗ್ಗಿ ನೋಡಿದಳು.

"ಇವೆಲ್ಲ ಯಾರು, ಕರ್ರಗೆ?"

ಅವನು ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿ, ಆಕೆಯ ಮುಖ ನೋಡಲಾರದೆ, "ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರು ಬದಲಾಗಲ್ವಾ, ಹಾಗೆ ಅಂದ್ಕೋ" ಎಂದ.

"ನನ್ನ ಮಗಳಿಗೆ ಮದುವೆ ವಯಸ್ಸಾಗಿರಲಿಲ್ಲ" ಎಂದಳು ಆಕೆ.

ಹಳದಿ ಹೊಟ್ಟೆಯ ನೊಣದ ನೇರಕ್ಕೆ ಗಾಜಿನ ಮೇಲೆ ಬೆರಳಿಟ್ಟಳು. ಆಮೇಲೆ ಕೇಳಿದಳು: "ಈಗ ಇವಳನ್ನ ಏನಂತ ಕರೀತಾರೆ?"

ಅವನು ಆ ಕಪ್ತಾನನ ಹೆಸರು ಹೇಳಿದ. ಉದ್ದನೆಯ ಹೆಸರು. ಆಕೆಯ ನಾಲಿಗೆ ಅರ್ಧಕ್ಕೇ ಎಡವಿತು.

"ನಿಧಾನಕ್ಕೆ ಹೇಳಿಕೊಡಿ ಅಂದ್ರೆ! ಇನ್ನು ಮೇಲೆ ಬಂದಾಗ ನಾನು ಏನಂತ ಮಾತಾಡಿಸಲಿ?"

ಅವನು ತುಂಡು ತುಂಡು ಮಾಡಿ ಹೇಳಿಕೊಟ್ಟ. ಆಕೆ ಗಾಜಿನ ಮೇಲೆ ಬಾಗಿಕೊಂಡು ಒಂದೊಂದೇ ತುಂಡನ್ನು, ತಪ್ಪಿದಲ್ಲಿ ನಿಂತು, ಮತ್ತೆ ಮೊದಲಿನಿಂದ ಹೇಳಿದಳು.