ಕಣಕಿಯ ಹೊದಿಕೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ಗಂಡಸರೇ ಇರಬೇಕು. ಅರ್ಧ ಕಟ್ಟಿದ ಮನೆಯನ್ನು ಮಳೆಯಿಂದ ಕಾಯ್ದು ನೋಡು ಎಂದು ಅವರು ಹೇಳಲೇ ಇಲ್ಲ. ಆ ಕಷ್ಟ ಅವರಿಗೆ ಗೊತ್ತಿದ್ದರೆ ಮದುವೆಯ ಮಾತು ಗಾದೆಯಲ್ಲಿ ಬರುತ್ತಲೇ ಇರಲಿಲ್ಲ.

ನಾವು ಕಲಬುರಗಿಯ ಗಾಜಿಪುರದಲ್ಲಿ ಮನೆ ಕಟ್ಟಿಕೊಂಡದ್ದು ನಿಜಾಮರ ಆಳ್ವಿಕೆಯ ಕಾಲದಲ್ಲಿ. ನಮ್ಮವರು ಕಾಳಿನ ಅಂಗಡಿಯೊಂದರಲ್ಲಿ ತೂಕದ ಕೆಲಸಕ್ಕಿದ್ದರು. ಹೊತ್ತು ಇಳಿಯುವಾಗ ಮನೆಗೆ ಬಂದು, ಅಂಗಿ ಕಳಚಿ ಮಣ್ಣು ತುಳಿಯುತ್ತಿದ್ದರು. ನಾನು ನೀರು ಹೊರುತ್ತಿದ್ದೆ, ಮಣ್ಣಿನ ಮುದ್ದೆ ಎತ್ತಿ ಕೊಡುತ್ತಿದ್ದೆ. ಕಲ್ಲಿನ ಬುನಾದಿ ಹಾಕಿಸುವುದಕ್ಕಷ್ಟೇ ಗೌಂಡಿಯನ್ನು ಕರೆದಿದ್ದೆವು. ಅದರ ಮೇಲಿನ ಮಣ್ಣಿನ ಗೋಡೆಯೆಲ್ಲ ನಮ್ಮದೇ ಕೈಯಿನದು. ಗೋಡೆ ಒಂದೆರಡು ಕಡೆ ಹೊಟ್ಟೆ ಮುಂದೆ ಮಾಡಿಕೊಂಡಿತ್ತು, ಅದೂ ನಮ್ಮದೇ.

ಅಷ್ಟೆಲ್ಲ ಪಾಡುಪಟ್ಟದ್ದು ನಮ್ಮ ಅತ್ತೆಯವರಿಗಾಗಿ. ಅವರು ಕಮಲಾಪುರದಲ್ಲಿ ತಮ್ಮ ಭಾವನ ದೊಡ್ಡ ಕುಟುಂಬದೊಳಗೆ, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಉಳಿದಿದ್ದವರು. ಎಲ್ಲರಿಗೂ ರೊಟ್ಟಿ ಬಡಿಯುವವರು ಅವರು. ಎಷ್ಟು ಬಡಿಯಬೇಕು, ಯಾರಿಗೆ ಮೊದಲು ಹಾಕಬೇಕು ಎಂದು ಹೇಳುವವರು ಬೇರೆಯವರು. ಅವರ ಬಾಯಿಂದ ಒಂದೇ ಒಂದು ಆಸೆಯ ಮಾತು ಕೇಳಿದ್ದೆ. "ಸಾಯೋದ್ರೊಳಗ ನಂದು ಅಂತ ಒಂದು ಒಲಿ ಆಗ್ಲಿ." ನಮ್ಮವರು ಆ ಮಾತನ್ನು ಹಿಡಿದುಕೊಂಡೇ ಜಾಗ ಹುಡುಕಿದ್ದು.

ಗೋಡೆ ಏಳುತ್ತಿದ್ದಾಗ ಅತ್ತೆ ಒಮ್ಮೆ ಬಂದು, ಒಲೆ ಬರುವ ಕಡೆಯ ಗೋಡೆಯಲ್ಲಿ ವಿಭೂತಿ ಇಡಲು ಒಂದು ಗೂಡು ಮಾಡಿದರು. ಹಸಿ ಮಣ್ಣನ್ನು ಅಂಗೈಯಿಂದ ಸವರಿ ಸವರಿ ನುಣ್ಣಗೆ ಮಾಡಿದರು. "ಅತ್ತಿ, ಮ್ಯಾಲ ಆಕಾಶ ಕಾಣ್ಲಾಕತ್ತದ, ನೀವು ಆಗಲೇ ಸಂಸಾರ ಹೂಡೀರಲ್ರಿ" ಎಂದು ನಾನು ನಕ್ಕೆ. ಅವರಿಗೂ ನಗು ಬಂತು. ಅವರು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಬೇರೆ ಯಾವಾಗಲೂ ನೋಡಿದ್ದಿಲ್ಲ.

ವೈಶಾಖದ ಕೊನೆಗೆ ಗೋಡೆಗಳು ತೊಲೆ ಕೂರುವ ಎತ್ತರಕ್ಕೆ ಬಂದವು. ತೊಲೆಗಳು ಮಾತ್ರ ಇನ್ನೂ ಬಂದಿರಲಿಲ್ಲ. ಬರಿ ಮಣ್ಣಿನ ಗೋಡೆಗೆ ಬದಿಯಿಂದ ಹೊಡೆಯುವ ಮಳೆಗಿಂತ ತಲೆಯ ಮೇಲೆ ನಿಲ್ಲುವ ನೀರೇ ಶತ್ರು. ಅದಕ್ಕೆ ನಮ್ಮ ಕಡೆ ಗೋಡೆಯ ನೆತ್ತಿಗೆ ಕಣಕಿ, ಅಂದರೆ ಒಣಗಿದ ಜೋಳದ ದಂಟು, ಇಳಿಜಾರಾಗಿ ಹೊದಿಸಿ ಮೇಲೆ ಕಲ್ಲು ಹೇರುತ್ತಾರೆ. ನಮ್ಮ ಹೊಲದ ಕಣಕಿಯನ್ನು ಗಾಡಿ ತುಂಬಿಸಿಕೊಂಡು, ಅದರ ಮೇಲೆ ತಾವೂ ಕುಳಿತು ಅತ್ತೆ ಕಮಲಾಪುರದಿಂದ ಬಂದರು.

ಗಾಡಿಯ ಹಗ್ಗ ಬಿಚ್ಚುವ ಹೊತ್ತಿಗೆ ಓಣಿಯಲ್ಲಿ ಭಿಕ್ಷೆಗೆ ಬಂದ ಅಯ್ಯನವರು ನಿಂತು ನೋಡಿ, "ಇವತ್ತ ಪಂಚಕ ಕೂಡ್ಯಾದಲ್ಲ" ಎಂದಷ್ಟೇ ಅಂದು ಮುಂದೆ ಹೋದರು. ಆ ಐದು ದಿನ ಮನೆಯ ಮೇಲೆ ಹುಲ್ಲು, ಕಟ್ಟಿಗೆ ಏರಿಸಿದರೆ ಆ ಮನೆಯಲ್ಲಿ ಸಾವಾಗುತ್ತದೆ ಎಂಬುದು ಹಿರಿಯರ ನಂಬಿಕೆ. ಅತ್ತೆಯ ಮುಖ ಕಪ್ಪಿಟ್ಟಿತು. ನಮ್ಮ ಮಾವ ಸೋರುವ ಮನೆಗೆ ಹೊದಿಕೆ ಹಾಕಿದ್ದು ಪಂಚಕದಲ್ಲಿಯೇ ಅಂತೆ. ಮುಂದಿನ ಸುಗ್ಗಿಯನ್ನು ಅವರು ಕಾಣಲಿಲ್ಲ.

"ಕೆಳಗ ಇಳಿಸ್ರಿ. ಒಂದು ಕಡ್ಡೀನೂ ಮ್ಯಾಲ ಏರಿಸಬ್ಯಾಡ್ರಿ" ಎಂದರು.

ನಾನು ಬಾಯಿ ಮುಚ್ಚಿಕೊಂಡು ಇರುವವಳಲ್ಲ. "ಅತ್ತಿ, ಮಳಿಗೆ ಪಂಚಕ ಗೊತ್ತದೇನ್ರಿ?"

"ಮಳಿಗೆ ಗೊತ್ತಿಲ್ಲ ತಂಗಿ. ಸಾವಿಗೆ ಗೊತ್ತದ."

ಪಕ್ಕದ ಮನೆಯ ಮುಸಲ್ಮಾನ ಅಜ್ಜಿ ಇದನ್ನೆಲ್ಲ ಕೇಳಿ, "ನಮ್ ಮನ್ಯಾಗ ಗೋಣಿಚೀಲ ಅವ, ಅವನ್ನೇ ಹೊಚ್ರಿ. ಬಾರಿಶ್ ಕಾ ಕ್ಯಾ ಭರೋಸಾ? ಮಳಿ ನಂಬಬಾರ್ದು" ಎಂದರು. ಅತ್ತೆ ಅದಕ್ಕೂ ಒಪ್ಪಲಿಲ್ಲ. ಹೊದಿಕೆ ಯಾವುದಾದರೇನು, ಹೊದಿಕೆ ಹೊದಿಕೆಯೇ. ನಮ್ಮವರು ತಾಯಿಯ ಮುಖ ನೋಡಿದರು, ಆಕಾಶ ನೋಡಿದರು. ಆಕಾಶ ತೊಳೆದಿಟ್ಟ ಹಾಗಿತ್ತು. ಕಣಕಿಯ ಸಿವುಡುಗಳನ್ನು ಬೇವಿನ ಮರದ ಕೆಳಗೆ ಒಟ್ಟಿ, ಪಂಚಕ ಕಳೆಯಲಿ ಎಂದು ಕಾಯ್ದೆವು.

ಮೂರನೆಯ ದಿನ ಮಧ್ಯಾಹ್ನ ಪಡುವಣದಿಂದ ಕೆಂಪು ಧೂಳು ಎದ್ದು ಬಂತು. ಹಿಂದೆಯೇ ಮಳೆ, ಜೊತೆಗೆ ಆಣೆಕಲ್ಲು. ನಾವು ಪಕ್ಕದ ಅಜ್ಜಿಯ ಪಡಸಾಲೆಯಲ್ಲಿ ನಿಂತಿದ್ದೆವು. ನಮ್ಮವರು ತಡೆಯಲಾರದೆ ಕಣಕಿಯ ಕಡೆಗೆ ಓಡಲು ಹೊರಟರು. ಅತ್ತೆ ಮಗನ ಎರಡೂ ಕಾಲುಗಳನ್ನು ತಬ್ಬಿ ಹಿಡಿದು ನೆಲಕ್ಕೆ ಕುಳಿತುಬಿಟ್ಟರು. "ಬ್ಯಾಡ ನನ್ನಪ್ಪ, ಗ್ವಾಡಿ ಹೋದ್ರ ಹೋಗ್ಲಿ, ನೀ ಇರು."

ಮೊದಲು ಬಿದ್ದದ್ದು ಗೂಡಿದ್ದ ಗೋಡೆ. ಅದು ದೊಡ್ಡ ಸದ್ದೇನೂ ಮಾಡಲಿಲ್ಲ. ದಣಿದವರು ಕೂರುವ ಹಾಗೆ ಕೂತಿತು. ಅತ್ತೆ ಹಿಡಿದ ಕಾಲು ಬಿಡದೆ ಅದನ್ನು ನೋಡಿದರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಪಂಚಕ ಕಳೆದ ಮುಂಜಾನೆ ಅತ್ತೆ ಒಬ್ಬರೇ ಎದ್ದು, ಉಳಿದಿದ್ದ ಮೋಟುಗೋಡೆಗಳಿಗೆ ಕಣಕಿ ಹೊದಿಸಿದರು. ಆಮೇಲೆ ಗಾಡಿ ಹತ್ತಿ ಕಮಲಾಪುರಕ್ಕೆ ಹೋದರು.

ದಸರೆಯ ನಂತರ ಮತ್ತೆ ಕಟ್ಟಿದೆವು. ತೊಲೆ ಬಂದವು, ಮಾಳಿಗೆಗೆ ಮಣ್ಣು ಬಿತ್ತು. ನಮ್ಮವರು ಗೂಡನ್ನು ಅದೇ ಜಾಗದಲ್ಲಿ ಮಾಡಿದರು. ಅಷ್ಟು ನುಣ್ಣಗೆ ಬರಲಿಲ್ಲ. ಒಲೆ ಹಾಕಿ, ಅದರಲ್ಲಿ ನನಗೆ ಬೆಂಕಿ ಹೊತ್ತಿಸಗೊಡದೆ, ತಾಯಿಯನ್ನು ಕರೆಸಿದರು. ಅತ್ತೆ ಬಂದರು. ಬಾಗಿಲ ಹೊರಗಿನ ಮಣ್ಣಿನ ಕಟ್ಟೆಯ ಮೇಲೆ ಕುಳಿತರು.

"ಯವ್ವಾ, ಒಳಗ ಬಾ. ಒಲಿ ನಿನ್ನ ಸಲುವಾಗಿ ಹಾಕೀನಿ."

"ನನ್ನ ಬಾಯಿ ಕೆಡವಿದ ಮನಿ ಇದು. ನನ್ನ ಕಾಲು ಒಳಗ ಬ್ಯಾಡ. ಆಕಿ ಹೊತ್ತಿಸ್ಲಿ, ನಾ ಇಲ್ಲೇ ಉಣ್ತೀನಿ."

ನಾನು ಜಗಳವಾಡಿದೆ, ಕಣ್ಣೀರು ಹಾಕಿದೆ. ಕೈ ಹಿಡಿದು ಎಳೆದೂ ನೋಡಿದೆ. ಅವರು ಕದಲಲಿಲ್ಲ. ಮಗ ಉಳಿದ ಎಂಬ ಸಮಾಧಾನ ಅವರಿಗಿತ್ತು, ಆದರೆ ಅದನ್ನು ಮಗನ ಮನೆಯೊಳಗೆ ಕುಳಿತು ಅನುಭವಿಸುವ ಧೈರ್ಯ ಇರಲಿಲ್ಲ. ರಾತ್ರಿ ಪಕ್ಕದ ಅಜ್ಜಿಯ ಪಡಸಾಲೆಯಲ್ಲಿ ಮಲಗಿ, ಮರುದಿನ ಹೊರಟರು. ಯಾರದೋ ಒಲೆಯ ಮುಂದೆ ರೊಟ್ಟಿ ಬಡಿಯುವುದಕ್ಕೆ ಅವರು ಹಾಗೆ ತಿರುಗಿ ಹೋದರು.

ಅಂದಿನಿಂದ ವರ್ಷವರ್ಷವೂ ಮಳೆಗಾಲಕ್ಕೆ ಮೊದಲು ಕಮಲಾಪುರದಿಂದ ಗಾಡಿ ಬರುತ್ತಿತ್ತು, ಕಣಕಿಯ ಮೇಲೆ ಕುಳಿತ ಅತ್ತೆಯೊಡನೆ. ಮಾಳಿಗೆ ಗಟ್ಟಿಯಾಗಿರುವ ಮನೆಗೆ ಕಣಕಿ ಏಕೆ? ಮೇವಿಗೆ ಹಾಕೋಣವೆಂದರೆ ನಮ್ಮಲ್ಲಿ ದನವೂ ಇರಲಿಲ್ಲ. ಆದರೂ ಇಳಿಸಿಕೊಳ್ಳುತ್ತಿದ್ದೆವು. ಅವರು ಕಟ್ಟೆಯ ಮೇಲೆ ಕುಳಿತು ಉಂಡು, ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿ ಹೋಗುತ್ತಿದ್ದರು.

ಒಂದು ವರ್ಷ ಮಾಘದಲ್ಲಿ ಅತ್ತೆ ತೀರಿಕೊಂಡರು. ಆ ವೈಶಾಖದಲ್ಲಿ ಗಾಡಿ ಬರಲಿಲ್ಲ. ಮೊದಲ ಮೋಡ ಕಟ್ಟಿದ ದಿನ ನಮ್ಮವರು ಅಂಗಡಿಯಿಂದ ಬೇಗ ಬಂದು, ಹಿತ್ತಲಲ್ಲಿ ಉಳಿದಿದ್ದ ಹಳೆಯ ಕಣಕಿಯನ್ನು ಎತ್ತಿ ತಂದರು. ನಾನು ಮಾಳಿಗೆ ಎಲ್ಲಿಯಾದರೂ ಸೋರುತ್ತಿದೆಯೇನೋ ಎಂದುಕೊಂಡೆ. ಅವರು ಅದನ್ನು ಬಾಗಿಲ ಹೊರಗಿನ ಕಟ್ಟೆಗೆ ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಇಟ್ಟರು. ಅಂದು ಪಂಚಕವಿತ್ತೋ ಇಲ್ಲವೋ, ನಾನು ಕೇಳಲಿಲ್ಲ.