ಚಿಕ್ಕಪ್ಪನ ಒಣಕೆಮ್ಮು

ಒಣಕೆಮ್ಮಿಗೆಂದು ತಂದ ಆಯುರ್ವೇದ ಔಷಧಿಯ ಮುಚ್ಚಳ ತೆಗೆದೆ ನೋಡಿ, ಆಡುಸೋಗೆಯ ವಾಸನೆ ಮೂಗಿಗೆ ಬಡಿಯಿತು. ಹೆಂಡತಿ ಚಮಚ ಹಿಡಿದು ಎದುರಿಗೇ ನಿಂತಿದ್ದಳು. ಕೆಮ್ಮಬೇಕಾದವನು ನಕ್ಕುಬಿಟ್ಟೆ. ಕೈಲಾಂಚದ ಕಡೆಯ ನಮ್ಮ ಮನೆಯಲ್ಲಿ ಈ ವಾಸನೆಗೆ ಹೆದರುತ್ತಿದ್ದವನು ಒಬ್ಬನಿದ್ದ, ನನ್ನ ಚಿಕ್ಕಪ್ಪ.

ರೇಷ್ಮೆಗೆ ಒಳ್ಳೆಯ ಕಾಲ ಅದು. ಊರಿಗೆ ಊರೇ ರಾಗಿ ಹೊಲದಲ್ಲಿ ಹಿಪ್ಪುನೇರಳೆ ನೆಟ್ಟಿತ್ತು. ನಡುಮನೆ ಹುಳುಗಳಿಗೆ, ಜಗಲಿ ನಮಗೆ. ಹುಳು ಮನೆಯಲ್ಲಿರುವಷ್ಟು ದಿನ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ತಲೆಗೆ ಘಮ್ಮೆನ್ನುವ ಎಣ್ಣೆಯೂ ಇಲ್ಲ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಮನೆಮಂದಿಯೆಲ್ಲ ಪಿಸುಮಾತು. ನಮಗೆ ಬಂದರೆ ಒಂದು ಕಂಬಳಿ, ಒಂದು ಮೂಲೆ.

ಎಲ್ಲಕ್ಕಿಂತ ದೊಡ್ಡ ನಿಷೇಧ ಬೀಡಿಯದು. ಹೊಗೆಸೊಪ್ಪಿನ ಸೋಂಕು ತಗುಲಿದರೆ ಹುಳು ತಲೆಯೆತ್ತಿ ಹೊರಳಾಡಿ ಕಕ್ಕುತ್ತದೆ. ಚಿಕ್ಕಪ್ಪನಿಗೋ ಬೀಡಿಯಿಲ್ಲದೆ ಬೆಳಗೇ ಆಗುತ್ತಿರಲಿಲ್ಲ. ಆ ಸಲದ ಬೆಳೆ ಬೇರೆ ಅವನದೇ ಮದುವೆಗೆ. ಗುಡೇಮಾರನಹಳ್ಳಿಯ ಹೆಣ್ಣು ಒಪ್ಪಿಗೆಯಾಗಿತ್ತು. ಹುಳು ಗೂಡು ಕಟ್ಟಿದರೆ ಲಗ್ನ, ಇಲ್ಲವಾದರೆ ಅವರು ಬೇರೆ ಗಂಡು ನೋಡುವವರಿದ್ದರು.

ಕಳ್ಳನಿಗೊಂದು ಪಿಳ್ಳೆ ನೆವ. ಚಿಕ್ಕಪ್ಪನಿಗೆ ಒಣಕೆಮ್ಮು ಶುರುವಾಯಿತು. ಖೊಳ್ ಖೊಳ್ ಎಂದು ಕೆಮ್ಮಿ, ಹುಳುಗಳು ಬೆಚ್ಚುತ್ತವೆ ಎಂದು ಹೇಳಿ, ಹುಲ್ಲುಮೆದೆಯ ಹಿಂದಕ್ಕೆ ಹೋಗುವನು. ಅಜ್ಜಿ ಪಾಪ, ಮೊದಲು ಮೆಣಸು ಕುಟ್ಟಿ ಕಲ್ಲುಸಕ್ಕರೆ ಸೇರಿಸಿ ಕೊಟ್ಟಳು. ಅದರಾಸೆಗೆ ನಾನೂ ಕೆಮ್ಮಿದೆ. ಆಮೇಲೆ ಅಗಿಯಲು ಅತಿಮಧುರದ ಕಡ್ಡಿ, ನೆಕ್ಕಲು ಜೇನಿನಲ್ಲಿ ತುಳಸಿರಸ. ಕೆಮ್ಮು ಇಳಿಯಲಿಲ್ಲ, ಮೆದೆಯ ಹಿಂದಿನ ದಾರಿ ಮಾತ್ರ ಸವೆಯಿತು.

ಒಂದು ಬೆಳಗ್ಗೆ ಅವನು ಸೊಪ್ಪಿನ ಕುಕ್ಕೆ ಹೊತ್ತು ಒಳಗೆ ಹೊರಟಾಗ ಅಜ್ಜಿ ಬಾಗಿಲಲ್ಲೇ ತಡೆದಳು. ಒಂದು ಹುಳು ತಂದು ಅವನ ಅಂಗೈ ಮೇಲೆ ಬಿಟ್ಟಳು. ಹುಳು ತಲೆಯೆತ್ತಿತು, ಹೊರಳಿತು, ಹಸಿರು ನೀರು ಕಕ್ಕಿತು. ಚಿಕ್ಕಪ್ಪನ ಮುಖ ಹುಳುವಿಗಿಂತ ಬಿಳಿಚಿಕೊಂಡಿತು. ಅಜ್ಜಿ ಬೀಡಿಯ ಸುದ್ದಿಯನ್ನೇ ಎತ್ತಲಿಲ್ಲ.

“ನಿನ್ ಕೆಮ್ಮು ಹುಳಕ್ಕೂ ಅಂಟ್ಕಂಡೈತಲ್ಲೋ ಮಗಾ. ಒಸಿ ದೊಡ್ ಮದ್ದೇ ಬೇಕು,” ಅಂದಳು.

ಬೇಲಿಯ ಆಡುಸೋಗೆ ಎಲೆ ಒಲೆಗೇರಿತು. ಆ ಕಷಾಯದ ಕಹಿಗೆ ನಾಲಿಗೆ ಊರು ಬಿಟ್ಟು ಹೋಗಬೇಕು. ಹೊತ್ತುಹೊತ್ತಿಗೂ ಲೋಟದ ತುಂಬ. ಕೆಮ್ಮಿಲ್ಲ ಎನ್ನುವಂತಿಲ್ಲ, ಇದೆ ಎಂದವನು ಅವನೇ. ಕುಡಿಯದೆ ಒಳಗೆ ಕಾಲಿಡುವಂತಿಲ್ಲ, ಬೆಳೆಯೂ ಅವನದೇ. ಮೇಲಾಗಿ ಪ್ರತಿ ಸಲವೂ ಅಂಗೈಗೊಂದು ಹುಳು. ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುವ ಹೊತ್ತಿಗೆ ಕೆಮ್ಮು, ಬೀಡಿ ಎರಡೂ ಒಟ್ಟಿಗೇ ಹೋಗಿದ್ದವು. ಗೂಡು ಚೆನ್ನಾಗಿ ಬಂತು, ಮದುವೆಯೂ ಆಯಿತು. ಮನೆ ತುಂಬಿಸಿಕೊಂಡ ಸೊಸೆಗೆ ಅಜ್ಜಿ ಮೊದಲು ಕಲಿಸಿದ ಅಡುಗೆಯೇ ಆಡುಸೋಗೆ ಕಷಾಯ.

ಅಜ್ಜಿ ಈಗಿಲ್ಲ. ಅವಳ ಕಷಾಯ ಈಗ ಅಂಗಡಿಯ ಸೀಸೆಗಿಳಿದಿದೆ.

ಒಂದು ಚಮಚ ನುಂಗಿ, ಕಣ್ಣೊರೆಸಿಕೊಂಡು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ನನ್ನ ಕೆಮ್ಮು ಕೇಳಿಸಿ, ಏನು ಕುಡಿಯುತ್ತಿದ್ದೀಯ ಎಂದ. ಆಡುಸೋಗೆ ಎಂದೆ. ಅವನು ದನಿ ತಗ್ಗಿಸಿ ಕೇಳಿದ:

“ಏನ್ಲಾ ಮಾಡಿ ಸಿಕ್ಕಾಕಂಡೆ?”

ನನಗೆ ಬೀಡಿಯ ಅಭ್ಯಾಸವಿಲ್ಲ. ಆದರೂ ಎದುರಿಗಿದ್ದ ಹೆಂಡತಿಯ ಮುಖ ಒಮ್ಮೆ ನೋಡಿ, ಇನ್ನೊಂದು ಚಮಚವನ್ನು ನಾನಾಗಿಯೇ ಕೇಳಿ ಕುಡಿದೆ.