ಚಿನ್ನದ ಹಲ್ಲಿನ ಹೆಂಗಸು

ಬೆಟ್ಟದೂರಾದ ಸಿಕುವಾನಿಯ ಸಂತೆಯಲ್ಲಿ ಬೇಯಿಸಿದ ಆಲೂಗಡ್ಡೆ ಮಾರುತ್ತಿದ್ದ ಎಪಿಫಾನಿಯಾ ಚಾಂಪಿಗೆ ಓದುಬರಹ ಬಾರದು. ಆದರೂ ಸುತ್ತಲಿನ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಪಾಠ ಹೇಳಲು ಅವಳನ್ನು ಕರೆಸುತ್ತಿದ್ದರು.

ಅವಳ ಹದಿನೈದರ ಮಗಳು ಲಿಸ್ಬೆತ್ ಶಾಲೆಗೆಂದು ಹೋದವಳು ಮನೆಗೆ ಬಂದಿರಲಿಲ್ಲ. "ಯಾವನ ಜೊತೆಗೋ ಓಡಿಹೋಗಿರ್ತಾಳೆ, ಹಸಿವಾದ್ರೆ ಬರ್ತಾಳೆ ಬಿಡು" ಎಂದು ಪೊಲೀಸರು ನಕ್ಕಿದ್ದರು. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಚಿನ್ನದ ಹಲ್ಲಿನ ಹೆಂಗಸೊಬ್ಬಳು ಹುಡುಗಿಯರನ್ನು ಮಾತಾಡಿಸುತ್ತಿದ್ದಳೆಂದು ಯಾರೋ ಅಂದರು. ಎಪಿಫಾನಿಯಾ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಹೆಣ್ಣುಮಕ್ಕಳನ್ನು ಸಾಗಿಸುವವರ ಬಗ್ಗೆ ಮೇಷ್ಟ್ರು ಪಟ ತೋರಿಸಿ ಹೇಳಿದರೆ ಮಕ್ಕಳು ಆಕಳಿಸುತ್ತಿದ್ದರು. ಎಪಿಫಾನಿಯಾ ಮಗಳ ಫೋಟೊ ಎದೆಗೊತ್ತಿಕೊಂಡು ತಮ್ಮ ಮನೆಮಾತು ಕೆಚುವಾದಲ್ಲಿ ಶುರುಮಾಡಿದರೆ ಕ್ಲಾಸೆಲ್ಲ ಗಪ್‌ಚಿಪ್.

"ಗುರುತಿಲ್ಲದವ್ರು ಕೆಲಸ ಕೊಡಿಸ್ತೀನಿ ಅಂದ್ರೆ ಹೋಗ್ಬೇಡಿ ಮಕ್ಳೇ. ಚಿನ್ನದ ಹಲ್ಲು ಕಂಡ್ರೆ ಓಡಿ!"

ಎರಡು ವರ್ಷದ ಮೇಲೆ, ಕಾಡಿನ ಗಣಿಯ ಹತ್ತಿರ ಹೆಂಡದಂಗಡಿಯೊಂದರ ಮೇಲೆ ದಾಳಿಯಾದಾಗ ಲಿಸ್ಬೆತ್ ಸಿಕ್ಕಳು. ಮನೆಗೆ ಬಂದವಳು ಗೋಡೆಯತ್ತ ತಿರುಗಿ ಮಲಗಿಬಿಟ್ಟಳು. ಅವಳು ಹೇಳಲಿಲ್ಲ, ತಾಯಿ ಕೇಳಲಿಲ್ಲ.

ಅಷ್ಟರಲ್ಲಿ ದಾನಿತ್ಸಾ ಎಂಬ ಹುಡುಗಿ ಕಾಣೆಯಾದಳು. ಎಪಿಫಾನಿಯಾಳ ಪಾಠವನ್ನು ಮುಂದಿನ ಬೆಂಚಿನಲ್ಲಿ ಕೂತು ಕೇಳಿದ್ದವಳು.

"ಅಷ್ಟು ಬಡ್ಕೊಂಡಿದ್ನಲ್ಲ, ಆ ಹಲ್ಲಿನವಳನ್ನ ನಂಬ್ಬೇಡಿ ಅಂತ!" ಎಂದು ಎಪಿಫಾನಿಯಾ ಒಲೆಯ ಮುಂದೆ ಅತ್ತಳು.

ಲಿಸ್ಬೆತ್ ಎದ್ದು ಕೂತಳು. "ಯಾವ ಹಲ್ಲಿನವಳವ್ವ?"

"ನಿನ್ನ ಕರ್ಕೊಂಡು ಹೋದವಳು."

"ಅಂಥವಳನ್ನ ನಾನು ಕಂಡೇ ಇಲ್ಲ. ಕರ್ಕೊಂಡು ಹೋಗಿದ್ದು ನಯ್ಡಾ."

ನಯ್ಡಾ ಲಿಸ್ಬೆತ್‌ಳ ಜೀವದ ಗೆಳತಿ, ಇದೇ ಒಲೆಯ ಮುಂದೆ ಉಂಡವಳು. ಲಿಸ್ಬೆತ್ ಕಾಣೆಯಾದಾಗ ಫೋಟೊ ಹಿಡಿದು ಎಪಿಫಾನಿಯಾಳ ಜೊತೆ ಬೀದಿ ಬೀದಿ ಅಲೆದಿದ್ದಳು.

"ಅವಳನ್ನ ಶಪಿಸ್ಬೇಡ. ನನಗಿಂತ ಮುಂಚೆ ಅವಳೂ ಅವ್ರ ಕೈಗೆ ಸಿಕ್ಕೊಂಡಿದ್ಳು. ಬೇರೆ ಹುಡುಗೀರನ್ನ ತಂದ್ರೆ ನಿನ್ನ ಬಿಡ್ತೀವಿ ಅಂತ ಊರಿಗೆ ಕಳಿಸಿದ್ರಂತೆ," ಎಂದು ಲಿಸ್ಬೆತ್ ಮತ್ತೆ ಗೋಡೆಯತ್ತ ತಿರುಗಿದಳು.

ಎಪಿಫಾನಿಯಾ ದಾನಿತ್ಸಾಳ ಮನೆಗೆ ಓಡಿದಳು. ಆ ತಾಯಿ ಬಾಗಿಲಲ್ಲೇ ಕೇಳಿದಳು: "ಗುರುತಿಲ್ಲದವ್ರ ಜೊತೆ ಕಳಿಸ್ಬೇಡಿ ಅಂತ ನೀನೇ ತಾನೇ ಹೇಳಿದ್ದು? ಅದಕ್ಕೇ ನಮ್ಮಕ್ಕನ ಮಗಳು ನಯ್ಡಾ ಜೊತೆ ಕೆಲಸಕ್ಕೆ ಕಳಿಸ್ದೆ. ಈಗ ಇಬ್ರದ್ದೂ ಫೋನಿಲ್ಲ."

ಎಪಿಫಾನಿಯಾ ಅವಳ ಕೈ ಹಿಡಿದು ಕೂರಿಸಿದಳು. ತಿಳಿದದ್ದನ್ನೆಲ್ಲ ಹೇಳಿದಳು. ಇಬ್ಬರೂ ಠಾಣೆಗೆ ಹೋದರು. ಅಲ್ಲಿ ಮತ್ತೆ ಅದೇ ನಗು.

ಅಲ್ಲಿಂದ ಎಪಿಫಾನಿಯಾ ನೆಟ್ಟಗೆ ಶಾಲೆಗೆ ಬಂದಳು. ಹೆಡ್ಮಾಸ್ಟರು ಅಡ್ಡ ನಿಂತರು. "ನೆಂಟರಿಷ್ಟರನ್ನೇ ನಂಬ್ಬೇಡಿ ಅಂತ ಮಕ್ಕಳಿಗೆ ಹೇಳೋದಾ ತಾಯಿ? ಊರವ್ರು ನನ್ನ ಸುಮ್ನೆ ಬಿಡ್ತಾರಾ?"

ಅವರನ್ನು ತಳ್ಳಿಕೊಂಡೇ ಒಳಗೆ ಹೋದಳು. "ನಾನು ಹೇಳಿದ್ದು ಸುಳ್ಳು ಮಕ್ಳೇ. ಕರ್ಕೊಂಡು ಹೋಗೋರು ನಮ್ಮವರೇ. ನಿಮ್ಮ ಪಕ್ಕ ಕೂತೋರೇ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಹುಡುಗಿಯೊಬ್ಬಳು ಎದ್ದು ನಿಂತಳು. "ಮನೇಲಿ ಊಟಕ್ಕಿಲ್ಲ, ಕೆಲಸಕ್ಕೆ ಹೋಗ್ಲೇಬೇಕು. ಯಾರ ಜೊತೆ ಹೋಗ್ಲಿ ನಾನು?"

"ಹೋಗೋಕೆ ಮುಂಚೆ ನಮ್ಮನೆಗೆ ಬಾ. ನನ್ನ ಮಗಳನ್ನ ಕೇಳು," ಎಂದುಬಿಟ್ಟಳು ಎಪಿಫಾನಿಯಾ.

ಆ ವಾರವೇ ಹುಡುಗಿ ಬಂದಳು, ಬೆನ್ನಿಗೆ ಗಂಟು ಕಟ್ಟಿಕೊಂಡು. ಲಿಸ್ಬೆತ್ ತಿರುಗಿಯೂ ನೋಡಲಿಲ್ಲ. ಹುಡುಗಿ ನಿಂತಳು, ಕಾದಳು, ಹೊರಟಳು. ಎಪಿಫಾನಿಯಾ ಬಸ್‌ಸ್ಟ್ಯಾಂಡಿನ ತನಕ ಅವಳ ಗಂಟು ಜಗ್ಗುತ್ತಾ, ಬೇಡುತ್ತಾ ಹೋದಳು.

ಬಸ್ಸು ಹುಡುಗಿಯನ್ನು ಹತ್ತಿಸಿಕೊಂಡೇ ಹೋಯಿತು.